22 ಆದ ಮೇಲೆ 24: ಗೆಳೆಯ ಹೋದ ಮೇಲೆ ಕ್ಲಾಸಿನಲ್ಲಿ ಕೂರೋದು ಹೇಗೆ?

ಕೊನೇಬೆಂಚು

ನನಗೆ 16 ವರ್ಷ. ಏಳು ವಾರದ ಹಿಂದೆ ನನ್ನ ಗೆಳೆಯ ತೀರಿಕೊಂಡ. ಸಂಜೆ ಟ್ಯೂಷನ್ ಮುಗಿಸಿ ಸೈಕಲ್‌ನಲ್ಲಿ ಬರ್ತಿದ್ದಾಗ ಲಾರಿ ಹೊಡೀತು. ಒಂದನೇ ಕ್ಲಾಸಿಂದ ಒಟ್ಟಿಗೆ ಓದಿದವರು ನಾವು. ದಿನಾ ಇಬ್ಬರೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬರ್ತಿದ್ವಿ. ಅವತ್ತು ಮಾತ್ರ ನಾನು ಹೋಗಿರಲಿಲ್ಲ. ಮನೇಲಿ ತಲೆನೋವು ಅಂತ ಹೇಳಿದ್ದೆ. ತಲೆನೋವು ಇರಲೇ ಇಲ್ಲ. ಟೆಸ್ಟ್ ಇತ್ತು, ಓದಿರಲಿಲ್ಲ, ಅಷ್ಟೇ. ಇದನ್ನ ಇಲ್ಲಿವರೆಗೂ ಯಾರಿಗೂ ಹೇಳಿಲ್ಲ.

ಹಾಜರಿ ಪುಸ್ತಕದಲ್ಲಿ ಅವನು 23, ನಾನು 24. ಈಗ ಮಿಸ್ಸು 22 ಅಂತ ಕೂಗಿ ಸೀದಾ 24 ಅಂತಾರೆ. ಮಧ್ಯದಲ್ಲಿ ಒಂದು ಉಸಿರಿನಷ್ಟೂ ನಿಲ್ಲಿಸಲ್ಲ. ಆ ಹೊತ್ತಿಗೆ ನನ್ನ ಗಂಟಲು ಕಟ್ಟಿಬಿಡುತ್ತೆ, 'ಪ್ರೆಸೆಂಟ್ ಮಿಸ್' ಅನ್ನೋಕೆ ಆಗಲ್ಲ. ಎರಡು ಸಲ ಕ್ಲಾಸಲ್ಲೇ ಕೂತಿದ್ರೂ ಆಬ್ಸೆಂಟ್ ಬಿತ್ತು.

ಅವನ ಮನೆಗೆ ಎಲ್ಲರೂ ಹೋಗಿ ಸಮಾಧಾನ ಹೇಳಿ ಬಂದರು. ನಮ್ಮನೇಲಿ 'ಪಾಪ, ಒಳ್ಳೇ ಹುಡುಗ' ಅಂದರು, ಒಂದು ವಾರ ನನ್ನನ್ನ ಏನೂ ಕೇಳಲಿಲ್ಲ, ಆಮೇಲೆ 'ಪರೀಕ್ಷೆ ಹತ್ರ ಬಂತು' ಅಂತ ಶುರುವಾಯ್ತು. ಅವರ ತಪ್ಪು ಅಂತ ಅಲ್ಲ. ನಾನು ಅವನಿಗೆ ಅಣ್ಣನೂ ಅಲ್ಲ ತಮ್ಮನೂ ಅಲ್ಲ, ಎಷ್ಟು ದಿನ ಅಂತ ಅಳಬಹುದು ಅಂತ ನನಗೇ ಗೊತ್ತಾಗ್ತಿಲ್ಲ.

ಇನ್ನೆರಡು ವಿಷಯ ಕೇಳಬೇಕು. ಬೆಳಿಗ್ಗೆ 6.40ಕ್ಕೆ ಅವನು ನಮ್ಮ ಗೇಟ್ ಹತ್ರ ಬಂದು ಬೆಲ್ ಹೊಡೆಯೋನು, ಒಂದು ಉದ್ದ, ಒಂದು ಗಿಡ್ಡ. ಅದು ಈಗಲೂ ಕೇಳಿಸುತ್ತೆ. ಮೂರು ಸಲ ಎದ್ದು ಕಿಟಕಿಗೆ ಓಡಿದೀನಿ. ನನಗೆ ತಲೆ ಕೆಡ್ತಿದೆಯಾ? ಮತ್ತೆ ಮೊನ್ನೆ ಪಿ.ಟಿ. ಪೀರಿಯಡ್‌ನಲ್ಲಿ ಯಾರೋ ಏನೋ ಅಂದರು ಅಂತ ಜೋರಾಗಿ ನಕ್ಕುಬಿಟ್ಟೆ. ನಕ್ಕ ಮೇಲೆ ಎಷ್ಟು ಅಸಹ್ಯ ಆಯ್ತು ಅಂದರೆ ಟಾಯ್ಲೆಟ್ ಬಾಗಿಲು ಹಾಕಿಕೊಂಡು ಬೆಲ್ ಆಗೋವರೆಗೆ ಅಲ್ಲೇ ನಿಂತಿದ್ದೆ. ಇದು ಯಾವಾಗ ಮುಗಿಯುತ್ತೆ?

ನೇರಮಾತು

ತಮ್ಮಾ, ಓದಿ ಬಹಳ ಬೇಜಾರಾಯಿತು. ಆದರೆ ಹೋದವರು ಮರಳಿ ಬರುವುದಿಲ್ಲ. ಗಟ್ಟಿ ಮನಸ್ಸು ಮಾಡು. ಓದಿನ ಕಡೆ ಗಮನ ಕೊಡು, ಸಂಜೆ ಹೊತ್ತು ಆಟಕ್ಕೆ ಹೋಗು, ಒಬ್ಬನೇ ಕೂರಬೇಡ. ಕಾಲವೇ ಎಲ್ಲವನ್ನೂ ಮರೆಸುತ್ತದೆ. ನೀನು ಹೀಗೆ ಕೊರಗಿದರೆ ನಿನ್ನ ಗೆಳೆಯನ ಆತ್ಮಕ್ಕೂ ನೆಮ್ಮದಿ ಇರುವುದಿಲ್ಲ.

ಮುಗಿಲು

ಅಣ್ಣಾ, ಒಳ್ಳೇ ಮನಸ್ಸಿಂದಲೇ ಬರೆದಿದ್ದೀರಿ, ಆದರೆ ಆ ಕೊನೇ ಸಾಲು ದಯವಿಟ್ಟು ಯಾರಿಗೂ ಹೇಳಬೇಡಿ. ನನಗೂ ಹೇಳಿದ್ದರು. ನನಗೆ 15 ಇದ್ದಾಗ ನನ್ನ ಜೀವದ ಗೆಳತಿ ರಕ್ತದ ಕ್ಯಾನ್ಸರ್‌ನಿಂದ ಹೋದಳು. 'ನೀನು ಅತ್ತರೆ ಅವಳಿಗೆ ನೋವಾಗುತ್ತೆ' ಅಂದರು. ಅವತ್ತಿಂದ ನಾನು ಅಳೋದಕ್ಕೂ ಹೆದರಿದೆ. ಇದ್ದ ದುಃಖ ಸಾಲದು ಅಂತ ಅಪರಾಧವನ್ನೂ ತಲೆ ಮೇಲೆ ಹೊತ್ತುಕೊಂಡಿದ್ದೆ.

ಕೊನೇಬೆಂಚು, ನಿನ್ನ ಆ ಟಾಯ್ಲೆಟ್ ಬಾಗಿಲು ನನಗೆ ಚೆನ್ನಾಗಿ ಗೊತ್ತು ಕಣೋ. ನಾನು ಲ್ಯಾಬ್ ಹಿಂದಿನ ಮೆಟ್ಟಿಲಲ್ಲಿ ಕೂರ್ತಿದ್ದೆ. ಈಗ ನನಗೆ 19. ನಗ್ತೀನಿ, ಅವಳ ನೆನಪೂ ಬರುತ್ತೆ, ಕೆಲವು ಸಲ ಎರಡೂ ಒಟ್ಟಿಗೇ ಆಗುತ್ತೆ. ಮುಗಿಯುತ್ತಾ ಅಂತ ಕೇಳಿದೆಯಲ್ಲ, ನನ್ನ ಮಟ್ಟಿಗೆ ಮುಗಿದಿಲ್ಲ. ಆದರೆ ಮೊದಲು ಇದ್ದ ಹಾಗೂ ಇಲ್ಲ. ಆವಾಗ ಅದು ಎದೆ ಮೇಲೆ ಕೂತಿತ್ತು, ಈಗ ಪಕ್ಕದಲ್ಲಿ ಕೂತಿರುತ್ತೆ.

ಓದುಗ_ಎಸ್

ದುಃಖಕ್ಕೆ ಐದು ಹಂತ ಇರುತ್ತವೆ ಅಂತ ಓದಿದ್ದೇನೆ: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ಬೆಲ್ ಕೇಳಿಸುತ್ತದೆ ಅಂದರೆ ಇನ್ನೂ ಮೊದಲ ಹಂತದಲ್ಲೇ ಇದ್ದೀಯ ಅನ್ನಿಸುತ್ತದೆ. ಕ್ರಮವಾಗಿ ದಾಟಿಕೊಂಡು ಹೋಗುತ್ತೀಯ, ಧೈರ್ಯವಾಗಿರು.

ಕಿವಿಗೊಡುವವಳು

ನಾನು ಹದಿಹರೆಯದ ಮಕ್ಕಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದು ಪುಟ್ಟಾ.

ಮೊದಲು ಒಂದು ನೇರ ಪ್ರಶ್ನೆ. ನಿನಗೆ ಸಾಯಬೇಕು ಅನ್ನಿಸುತ್ತಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಮಕ್ಕಳಿಗೆ ಹಗುರವೇ ಆಗುತ್ತದೆ. ಹೌದು ಅಂತಾದರೆ ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡ. ಈಗಲೇ ಎದ್ದು ಮನೆಯಲ್ಲಿರುವ ದೊಡ್ಡವರೊಬ್ಬರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳು. ಅವರಿಗೆ ಹೇಳಲು ಆಗದಿದ್ದರೆ ಸಹಾಯವಾಣಿಗೆ ಫೋನ್ ಮಾಡು.

ಇನ್ನು ಆ ಬೆಲ್. ನಿನಗೆ ತಲೆ ಕೆಟ್ಟಿಲ್ಲ. ಡೆವಿ ರೀಸ್ ಅನ್ನುವ ವೈದ್ಯರು ಸಂಗಾತಿಯನ್ನು ಕಳೆದುಕೊಂಡ ಸುಮಾರು 300 ಜನರನ್ನು ಮಾತಾಡಿಸಿ 1971ರಲ್ಲಿ ಒಂದು ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ, ಹೋದವರು ಹತ್ತಿರದಲ್ಲೇ ಇದ್ದ ಹಾಗೆ ಅನ್ನಿಸಿದ್ದನ್ನೋ, ದನಿ ಕೇಳಿಸಿದ್ದನ್ನೋ, ಕಂಡಿದ್ದನ್ನೋ ಹೇಳಿದರು. ಬಹುಪಾಲು ಜನ ಅದನ್ನು ಅಲ್ಲಿವರೆಗೆ ಯಾರಿಗೂ ಹೇಳಿಕೊಂಡಿರಲಿಲ್ಲ. ಅವರೆಲ್ಲ ದೊಡ್ಡವರು, ಆದರೆ ನನ್ನ ಮುಂದೆ ಕೂತ ಮಕ್ಕಳೂ ಇಂಥದ್ದನ್ನು ಎಷ್ಟೋ ಸಲ ಹೇಳಿದ್ದಾರೆ. ವರ್ಷಗಟ್ಟಲೆ 6.40ಕ್ಕೆ ಆ ಸದ್ದಿಗೆ ಕಿವಿ ಕೊಟ್ಟು ಎದ್ದವನು ನೀನು. ಅದೇ ಹೊತ್ತಿಗೆ ಕಿವಿ ತಾನಾಗಿ ಕಾಯುತ್ತದೆ. ಓದುಗ_ಎಸ್ ಅವರೇ, ಅದು ನಿರಾಕರಣೆಯಲ್ಲ. ಐದು ಹಂತಗಳನ್ನು ಎಲಿಸಬೆತ್ ಕೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಹೇಳಿದ್ದು, ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದವರ ದುಃಖಕ್ಕೆ ಅದನ್ನು ಹೊಂದಿಸಿದ್ದು ಆಮೇಲೆ. ಅದು ಮೆಟ್ಟಿಲಿನ ಹಾಗೆ ಒಂದಾದ ಮೇಲೊಂದು ಬರುವುದಿಲ್ಲ. 'ನಾನಿನ್ನೂ ಎರಡನೇ ಹಂತಕ್ಕೂ ಹೋಗಿಲ್ಲ' ಅಂತ ಮಾರ್ಕ್ಸ್ ಕಡಿಮೆ ಬಂದ ಹಾಗೆ ಅಳುವ ಮಕ್ಕಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳಿದೆ.

ನಕ್ಕಿದ್ದರ ಬಗ್ಗೆ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಅನ್ನುವ ಸಂಶೋಧಕರು 1999ರಲ್ಲಿ ಹೇಳಿದ್ದು ನನಗೆ ಕೆಲಸದಲ್ಲಿ ದಿನವೂ ನಿಜವಾಗಿ ಕಂಡಿದೆ. ದುಃಖಪಡುವ ಮನಸ್ಸು ಉಯ್ಯಾಲೆಯ ಹಾಗೆ, ಒಮ್ಮೆ ಕಳೆದುಕೊಂಡದ್ದರ ಕಡೆ ಹೋಗುತ್ತದೆ, ಒಮ್ಮೆ ಬದುಕಿನ ಕಡೆ ಬರುತ್ತದೆ. ಹೋಗಿ ಬರುವುದರಿಂದಲೇ ಅದು ತಡೆದುಕೊಳ್ಳುತ್ತದೆ. ನಿನ್ನ ವಯಸ್ಸಿನಲ್ಲಿ ಈ ಜೀಕು ಇನ್ನೂ ಜೋರು: ಹತ್ತು ನಿಮಿಷ ಆಡುತ್ತಾರೆ, ಹನ್ನೊಂದನೇ ನಿಮಿಷಕ್ಕೆ ಕುಸಿಯುತ್ತಾರೆ. ದೊಡ್ಡವರು ಆ ಹತ್ತು ನಿಮಿಷ ಮಾತ್ರ ನೋಡಿ 'ಮರೆತಿದ್ದಾನೆ ಬಿಡು' ಅಂದುಕೊಳ್ಳುತ್ತಾರೆ.

ಮತ್ತೆ ನೀನು ಕೇಳದೇ ಕೇಳಿದ ಪ್ರಶ್ನೆ, ತಲೆನೋವಿನದು. 1975ರಲ್ಲಿ ಬರೂಕ್ ಫಿಶ್‌ಹಾಫ್ ಅನ್ನುವ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಜನರಿಗೆ ಹಳೆಯ ಯುದ್ಧವೊಂದರ ವಿವರ ಓದಲು ಕೊಟ್ಟರು. ಕೊನೆಗೆ ಏನಾಯಿತು ಅಂತ ಗೊತ್ತಿದ್ದವರು ಹೆಚ್ಚಾಗಿ 'ಹಾಗೇ ಆಗುವ ಸಂಭವ ಜಾಸ್ತಿ ಇತ್ತು' ಅಂದರು, ಗೊತ್ತಿಲ್ಲದವರಿಗೆ ಅಷ್ಟಾಗಿ ಹಾಗೆ ಅನ್ನಿಸಲಿಲ್ಲ. ಆಗಿಹೋದದ್ದು ಗೊತ್ತಾದ ಮೇಲೆ, ಅದು ಮೊದಲೇ ಗೊತ್ತಾಗಬೇಕಿತ್ತು ಅಂತ ಮನಸ್ಸು ತನಗೆ ತಾನೇ ಸುಳ್ಳು ಸಾಕ್ಷಿ ಹೇಳುತ್ತದೆ. ಅವತ್ತು ಮಧ್ಯಾಹ್ನ ನಿನಗೆ ಗೊತ್ತಿದ್ದದ್ದು ಒಂದೇ, ಟೆಸ್ಟ್‌ಗೆ ಓದಿಲ್ಲ ಅನ್ನುವುದು. ಟೆಸ್ಟ್ ತಪ್ಪಿಸಿಕೊಂಡ ಹುಡುಗನ ತಪ್ಪು ಟೆಸ್ಟ್‌ನಷ್ಟೇ ದೊಡ್ಡದು. ಲಾರಿಯ ಭಾರ ಅದರ ಮೇಲೆ ಹೇರಬೇಡ.

ಕೊನೆಯದು. ಎಷ್ಟು ದಿನ ಅಳಬಹುದು ಅಂತ ಕೇಳಿದೆಯಲ್ಲ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ರಕ್ತಸಂಬಂಧ ಇಲ್ಲದವರ ದುಃಖವನ್ನು ಸಮಾಜ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಕೆನೆತ್ ಡೋಕಾ ಅನ್ನುವ ಸಂಶೋಧಕರು 1989ರಲ್ಲೇ ಬರೆದರು. ಗೆಳೆಯರಿಗೆ ರಜೆ ಇಲ್ಲ, ಅವರನ್ನು ಸಮಾಧಾನ ಮಾಡಲು ಯಾರೂ ಬರುವುದಿಲ್ಲ, ಮುಂದಿನ ಸಾಲಿನಲ್ಲಿ ಅವರಿಗೆ ಜಾಗವಿಲ್ಲ. ಆದರೆ ನಿನ್ನ ದಿನ ಅವನ ಬೆಲ್‌ನಿಂದ ಶುರುವಾಗುತ್ತಿತ್ತು, ಅವನ ಜೊತೆಗಿನ ಸೈಕಲ್ ದಾರಿಯಲ್ಲಿ ಮುಗಿಯುತ್ತಿತ್ತು. ಇಷ್ಟು ದೊಡ್ಡದನ್ನು ಕಳೆದುಕೊಂಡವನು ಅಳುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಕೊನೇಬೆಂಚು

ಮೇಡಂ, ಸಾಯಬೇಕು ಅಂತ ಅನ್ನಿಸಿಲ್ಲ. ಅವನ ಬದಲು ನಾನು ಹೋಗಿದ್ದರೆ ಅಂತ ಅನ್ನಿಸುತ್ತೆ, ರಾತ್ರಿ ಹೊತ್ತು. ಏನಾದ್ರೂ ಮಾಡಿಕೊಳ್ಳಬೇಕು ಅಂತ ಇಲ್ಲ. ಎರಡು ಗಂಟೆವರೆಗೂ ನಿದ್ದೆ ಬರಲ್ಲ, ಅವನ ಮೆಸೇಜ್‌ಗಳನ್ನ ಮೊದಲಿಂದ ಓದ್ತಾ ಇರ್ತೀನಿ.

ತಲೆನೋವಿನ ವಿಷಯ ನೀವು ಬರೆದದ್ದನ್ನ ನಾಲ್ಕು ಸಲ ಓದಿದೆ. ಇನ್ನೂ ನಂಬೋಕೆ ಆಗ್ತಿಲ್ಲ. ಆದ್ರೆ ಓದಿದೆ.

ಕಿವಿಗೊಡುವವಳು

ಉತ್ತರ ಕೊಟ್ಟಿದ್ದು ಒಳ್ಳೆಯದಾಯಿತು. 'ಅವನ ಬದಲು ನಾನು' ಅನ್ನುವ ಯೋಚನೆ ಉಳಿದವರಲ್ಲಿ ಎಷ್ಟೋ ಜನರಿಗೆ ಬರುತ್ತದೆ, ಆದರೆ ರಾತ್ರಿ ಎರಡು ಗಂಟೆಗೆ ಅದನ್ನು ಒಬ್ಬನೇ ಹೊರಬೇಡ. ಇದೇ ವಾರ ಅಮ್ಮನಿಗೋ ಅಪ್ಪನಿಗೋ ತಲೆನೋವಿನ ನಿಜ ಹೇಳು. ಬಾಯಲ್ಲಿ ಹೇಳಲು ಆಗದಿದ್ದರೆ ನೀನು ಮೊದಲು ಬರೆದದ್ದನ್ನೇ ಮೊಬೈಲ್‌ನಲ್ಲಿ ತೋರಿಸು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ಸಿಗದೆ ಹೋದರೆ ದುಃಖ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೆಸೇಜ್ ಓದಬೇಡ ಅನ್ನುವುದಿಲ್ಲ. ಸಂಜೆ ಬೆಳಕಿರುವಾಗ ಓದು, ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿರಲಿ.

ಎರಡನೇಶಿಫ್ಟ್

ಒಂದು ಸಣ್ಣ ಮಾತು. ಆ ಮೆಸೇಜ್‌ಗಳನ್ನೂ ವಾಯ್ಸ್ ನೋಟ್‌ಗಳನ್ನೂ ಫೋಟೋಗಳನ್ನೂ ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿ ಇಡು. ನನ್ನ ತಂಗಿಯ ದನಿ ಇದ್ದ ಫೋನ್ ನೀರಿಗೆ ಬಿತ್ತು. ಅದು ನನಗೆ ಎರಡನೇ ಸಾವಿನ ಹಾಗಿತ್ತು. ಕೇಳಬೇಕು ಅಂತಿಲ್ಲ, ಇರಲಿ ಅಷ್ಟೇ.

ನಿವೃತ್ತಶಿಕ್ಷಕಿ

31 ವರ್ಷ ಪಾಠ ಮಾಡಿದವಳು ನಾನು. ಆ 22, 24 ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನನ್ನ ತರಗತಿಯಲ್ಲೂ ಒಮ್ಮೆ ಹೀಗಾಗಿತ್ತು. ಹುಡುಗಿಯೊಬ್ಬಳು ಬೇಸಿಗೆ ರಜೆಯಲ್ಲಿ ತೀರಿಕೊಂಡಳು. ಶಾಲೆ ಶುರುವಾಗುವ ಹಿಂದಿನ ದಿನವೇ ನಾನು ಅವಳ ಬೆಂಚನ್ನು ತೆಗೆಸಿ ಉಳಿದವನ್ನು ಒತ್ತಿಸಿ ಹಾಕಿಸಿದ್ದೆ. ಖಾಲಿ ಜಾಗ ಕಂಡರೆ ಮಕ್ಕಳಿಗೆ ನೋವಾಗುತ್ತದೆ ಅಂತ ನನ್ನ ಲೆಕ್ಕ. ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಒಳಗೆ ಬಂದು ನಿಂತಳು. ಎಲ್ಲಿ ಕೂರಬೇಕು ಅಂತ ಅವಳಿಗೆ ತಿಳಿಯಲಿಲ್ಲ. ಬ್ಯಾಗು ಹೆಗಲಿಂದ ಇಳಿಸದೆ ಬೆಂಚಿದ್ದ ಕಡೆ ನೆಲ ನೋಡುತ್ತಾ ನಿಂತಿದ್ದಳು. ಬೆಂಚಿನ ಕಾಲುಗಳು ಕೂತಿದ್ದ ನಾಲ್ಕು ಗುರುತು ಅಲ್ಲಿ ಹಾಗೇ ಇದ್ದವು. ನಾನು 'ಕೂತ್ಕೋ ಬಾ' ಅಂದೆ, ಪಾಠ ಶುರುಮಾಡಿದೆ. ಆ ಮಗು ವರ್ಷವಿಡೀ ನನ್ನ ಮುಖ ನೋಡಿ ಮಾತಾಡಲಿಲ್ಲ.

ಮಗೂ, ನಿಮ್ಮ ಮಿಸ್ಸೂ ಕಲ್ಲು ಹೃದಯದವರಾಗಿರಲಿಕ್ಕಿಲ್ಲ. 22ರ ಮುಂದೆ ಅವರ ಗಂಟಲೂ ಕಟ್ಟುತ್ತಿರಬಹುದು, ಅದಕ್ಕೇ ಅಷ್ಟು ಬೇಗ ದಾಟುತ್ತಿರಬಹುದು. ಒಂದು ಚೀಟಿ ಬರೆದು ಕೊಡು: 'ಮಿಸ್, 22 ಆದ ಮೇಲೆ ಒಂದು ಕ್ಷಣ ನಿಲ್ಲಿಸ್ತೀರಾ?' ಇಷ್ಟೇ ಸಾಕು. ಇಲ್ಲಿರುವ ಶಿಕ್ಷಕರಿಗೂ ಕೈಮುಗಿದು ಹೇಳುತ್ತೇನೆ, ಬೆಂಚು ತೆಗೆಯುವ ಮೊದಲು, ಹೆಸರು ಹೊಡೆದುಹಾಕುವ ಮೊದಲು, ಪಕ್ಕ ಕೂರುತ್ತಿದ್ದ ಮಗುವನ್ನು ಒಂದು ಮಾತು ಕೇಳಿ.

ನೇರಮಾತು

ಎರಡು ದಿನ ಇಲ್ಲಿಗೆ ಬರಲಿಲ್ಲ. ಮುಗಿಲು ಹೇಳಿದ್ದು ಸರಿ. ಆ ಸಾಲು ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ.

ನನಗೂ ಒಬ್ಬ ಗೆಳೆಯನಿದ್ದ. 17ಕ್ಕೆ ಕೆರೆಯಲ್ಲಿ ಮುಳುಗಿ ಹೋದ. 'ಗಂಡು ಹುಡುಗ, ಗಟ್ಟಿಯಾಗಿರು' ಅಂದರು, ಗಟ್ಟಿಯಾಗಿದ್ದೆ. ಓದಿದೆ, ಕೆಲಸ ಹಿಡಿದೆ, ಮದುವೆಯಾಯಿತು. ಅವನ ಹೆಸರನ್ನು ಹೆಂಡತಿಗೂ ಹೇಳಿರಲಿಲ್ಲ. ಮೊನ್ನೆ ರಾತ್ರಿ ಇದನ್ನೆಲ್ಲ ಓದಿ ಅವಳ ಮುಂದೆ ಮೊದಲ ಸಲ ಹೇಳಿದೆ. ನನಗೀಗ 48. ಹೇಳುವಾಗ ಅವನ ಶರ್ಟಿನ ಬಣ್ಣ ನೆನಪಿಗೆ ಬಂತು. ತಮ್ಮಾ, ಕಾಲ ಮರೆಸುತ್ತದೆ ಅಂದಿದ್ದೆನಲ್ಲ, ಮರೆಸಿರಲಿಲ್ಲ. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಅಷ್ಟೇ.

ಅವನಮ್ಮ

ನಾನು ಬೇರೆ ಊರಿನವಳು, ನಿನ್ನ ಗೆಳೆಯನ ತಾಯಿಯಲ್ಲ ಕಂದಾ. ಆದರೆ ನನ್ನ ಮಗನೂ 16ಕ್ಕೇ ಹೋದ. ನಾಲ್ಕು ವರ್ಷವಾಯಿತು.

ನನ್ನ ಮಗನಿಗೆ ಮೂವರು ಗೆಳೆಯರು. ದಿನಾ ಮನೆ ತುಂಬ ಗಲಾಟೆ. ಅವನು ಹೋದ ಮೇಲೆ ಒಂದು ಸಲ ಬಂದರು, ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತರು, ಹೋದರು. ಮತ್ತೆ ಬರಲೇ ಇಲ್ಲ. ರಸ್ತೆಯಲ್ಲಿ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ನನ್ನನ್ನು ನೋಡಿದರೆ ಅವರಿಗೆ ಹಿಂಸೆ, ಅವರನ್ನು ನೋಡಿದರೆ ನನಗೆ ಹಿಂಸೆ ಅಂತ ಅವರು ತಿಳಿದಿರಬೇಕು. ನನಗೆ ಮಗನ ಜೊತೆ ಆ ಮೂವರೂ ಹೋದ ಹಾಗಾಯಿತು. ಮನೆಯಲ್ಲಿದ್ದ ಹುಡುಗ ನನಗೆ ಗೊತ್ತು. ಕ್ಲಾಸಿನಲ್ಲಿ ಹೇಗಿದ್ದ, ಯಾರನ್ನು ರೇಗಿಸುತ್ತಿದ್ದ, ಯಾವುದಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದ, ಅದೆಲ್ಲ ಅವರ ಹತ್ತಿರವೇ ಉಳಿದುಹೋಯಿತು. ನನಗೆ ಹೇಳುವವರಿಲ್ಲ.

ಆ ಬೆಲ್ಲಿನ ವಿಷಯ, ಒಂದು ಉದ್ದ ಒಂದು ಗಿಡ್ಡ, ಅವನ ತಾಯಿಗೆ ಗೊತ್ತಿದೆಯಾ?

ಕೊನೇಬೆಂಚು

ಗೊತ್ತಿರಲಿಕ್ಕಿಲ್ಲ ಅಮ್ಮಾ. ನಾನು ಅವರ ಬೀದಿಗೇ ಹೋಗಿಲ್ಲ. ಹೋದರೆ ಏನಂತ ಮಾತಾಡ್ಲಿ? ಅವತ್ತು ನೀನು ಯಾಕೆ ಹೋಗಿರಲಿಲ್ಲ ಅಂತ ಕೇಳಿದರೆ?

ಅವನಮ್ಮ

ಕೇಳಿದರೆ ನಿಜ ಹೇಳು. ಟೆಸ್ಟ್‌ಗೆ ಓದಿರಲಿಲ್ಲ ಆಂಟಿ ಅನ್ನು. ನಾನು ಅವರ ಜಾಗದಲ್ಲಿದ್ದರೆ, ಒಬ್ಬನಾದರೂ ಉಳಿದನಲ್ಲ ಅಂದುಕೊಳ್ಳುತ್ತಿದ್ದೆ. ಅವರು ಹಾಗೇ ಅನ್ನುತ್ತಾರೆ ಅಂತ ನಾನು ಆಣೆ ಮಾಡಲಾರೆ, ತಾಯಿಯ ಸಂಕಟ ಒಂದೊಂದು ದಿನ ಒಂದೊಂದು ಥರ. ಅದಕ್ಕೇ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗು. ಅತ್ತರೆ ಹೆದರಬೇಡ, ಅದು ನಿನ್ನಿಂದ ಬಂದ ಅಳುವಲ್ಲ, ಮೊದಲೇ ಇದ್ದದ್ದು. ಸುಮ್ಮನೆ ಪಕ್ಕದಲ್ಲಿ ಕೂರು. ಹೇಳುವುದಕ್ಕೆ ಏನೂ ತೋಚದಿದ್ದರೆ ಅವನ ಹೆಸರು ಹಿಡಿದು ಮಾತಾಡು. ನಮ್ಮ ಮನೆಯಲ್ಲಿ ನನ್ನ ಮಗನ ಹೆಸರು ಹೇಳುವವರೇ ಕಡಿಮೆಯಾಗಿದ್ದಾರೆ.

ಓದುಗ_ಎಸ್

ಒಂದು ಅನುಮಾನ. ಹೀಗೆ ನೆನಪು ಕೆದಕುತ್ತಾ ಹೋದರೆ ಹುಡುಗ ಅದರಲ್ಲೇ ಸಿಕ್ಕಿಹಾಕಿಕೊಳ್ಳುವುದಿಲ್ಲವೇ? ಮೇಡಂ, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಕಿವಿಗೊಡುವವಳು

ಕೇಳಬೇಕಾದ ಪ್ರಶ್ನೆಯೇ. ಹೋದವರ ನಂಟನ್ನು ಕಡಿದುಕೊಂಡರೇ ಮನಸ್ಸು ಸುಧಾರಿಸುತ್ತದೆ ಅಂತ ಹಿಂದೆ ನಂಬಿದ್ದರು. ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಈ ಮೂವರು ಸಂಶೋಧಕರು 1996ರಲ್ಲಿ ಅದನ್ನು ಗಟ್ಟಿಯಾಗಿ ಪ್ರಶ್ನಿಸಿದರು. ನಂಟು ಮುಗಿಯುವುದಿಲ್ಲ, ಅದರ ರೂಪ ಬದಲಾಗುತ್ತದೆ ಅಂದರು. ನೆನಪಿನಿಂದ ಸಿಕ್ಕಿಹಾಕಿಕೊಳ್ಳುವುದಕ್ಕಿಂತ, ಹೇಳಲಾಗದೆ ಉಳಿದ ನೆನಪಿನಿಂದ ಸಿಕ್ಕಿಹಾಕಿಕೊಂಡ ಮಕ್ಕಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಆದರೆ ಸಿಕ್ಕಿಹಾಕಿಕೊಳ್ಳುವುದೂ ಇದೆ. ಹಂಬಲ ಪ್ರತಿದಿನ ಮೊದಲ ವಾರದಷ್ಟೇ ತೀವ್ರವಾಗಿದ್ದು, ಶಾಲೆ, ನಿದ್ದೆ, ಸ್ನೇಹ ಎಲ್ಲವನ್ನೂ ಕೆಡಿಸುತ್ತಾ ಹೋದರೆ ಅದನ್ನು ದೀರ್ಘಕಾಲದ ಶೋಕದ ತೊಂದರೆ ಅನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2022ರ ತನ್ನ ಕೈಪಿಡಿಯಲ್ಲಿ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೂ ಹದಿಹರೆಯದವರಿಗೂ 6 ತಿಂಗಳು ಅಂತ ಅವಧಿ ಇಟ್ಟಿದೆ. ಇದು ಕಾಯಿಲೆಗೆ ಹೆಸರಿಡುವುದಕ್ಕೆ ಮಾತ್ರ. ಸಹಾಯ ಕೇಳುವುದಕ್ಕೆ ಆರು ತಿಂಗಳು ಕಾಯಬೇಕಿಲ್ಲ. ತನಗೆ ತಾನೇ ನೋವು ಮಾಡಿಕೊಳ್ಳುವುದು, ಕುಡಿತ ಅಥವಾ ಮಾದಕವಸ್ತು, ವಾರಗಟ್ಟಲೆ ಯಾರ ಜೊತೆಗೂ ಮಾತಿಲ್ಲದಿರುವುದು, ಬೇಕಂತಲೇ ಅಪಾಯಕ್ಕೆ ನುಗ್ಗುವುದು ಕಂಡರೆ ಅವತ್ತೇ ಹೋಗಿ. ಏಳು ವಾರಕ್ಕೆ ಈ ಹುಡುಗನಿಗೆ ಆಗುತ್ತಿರುವುದು ಕಾಯಿಲೆಯಲ್ಲ. ಆದರೂ ಒಬ್ಬ ಸಮಾಲೋಚಕರ ಎದುರು ನಾಲ್ಕೈದು ಸಲ ಕೂತರೆ ನನಗೆ ಸಮಾಧಾನ.

ಮುಗಿಲು

ಏನಾಯ್ತೋ? ಹತ್ತು ದಿನ ಆಯ್ತು, ಸುದ್ದಿ ಇಲ್ಲ. ಉತ್ತರ ಕೊಡಲೇಬೇಕು ಅಂತಿಲ್ಲ, ಹುಷಾರಾಗಿದ್ದೀನಿ ಅಂತ ಒಂದು ಸಾಲು ಹಾಕು ಸಾಕು.

ಕೊನೇಬೆಂಚು

ಇದ್ದೀನಿ ಅಕ್ಕಾ.

ಅಮ್ಮನಿಗೆ ಇಲ್ಲಿ ಬರೆದದ್ದನ್ನೇ ತೋರಿಸಿದೆ. ಅಮ್ಮ ಓದಿ ಮುಗಿಸಿ, 'ತಲೆನೋವಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು, ಒಂದು ದಿನ ತಾನೇ ಅಂತ ಬಿಟ್ಟೆ' ಅಂದರು. ಅಮ್ಮನೂ ಏಳು ವಾರದಿಂದ ಅದನ್ನ ಯೋಚನೆ ಮಾಡ್ತಿದ್ದರಂತೆ, ಕಳಿಸಿದ್ದರೆ ನನಗೇನಾಗ್ತಿತ್ತು ಅಂತ. ಅದಕ್ಕೇ ನನ್ನ ಜೊತೆ ಮಾತಾಡೋಕೆ ಆಗ್ತಿರಲಿಲ್ಲವಂತೆ. ನಾನು ಬೇರೆ ಏನೋ ಅಂದುಕೊಂಡಿದ್ದೆ.

ಮಿಸ್ಸಿಗೆ ಚೀಟಿ ಕೊಟ್ಟೆ. ಅವರು ಓದಿ ಏನೂ ಹೇಳಲಿಲ್ಲ, ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು. ಮಾರನೇ ದಿನ 22 ಅಂತ ಕೂಗಿ ಪೆನ್ನು ಕೆಳಗಿಟ್ಟರು. ಕ್ಲಾಸೆಲ್ಲ ಸುಮ್ಮನಾಯ್ತು. ಆಮೇಲೆ 24 ಅಂದರು. ನನ್ನ ದನಿ ಒಡೆದೇ ಇತ್ತು, ಆದ್ರೆ ಬಂತು.

ಭಾನುವಾರ ಅವನ ಮನೆಗೆ ಹೋದ್ವಿ. ನನ್ನ ಗಣಿತದ ನೋಟ್‌ಬುಕ್ ತಗೊಂಡು ಹೋಗಿದ್ದೆ. ಅದರ ಹಿಂದಿನ ಪುಟಗಳಲ್ಲಿ ನಾವಿಬ್ಬರೂ ಚುಕ್ಕಿ ಸೇರಿಸಿ ಮನೆ ಕಟ್ಟೋ ಆಟ ಆಡ್ತಿದ್ವಿ. ಮನೆ ಮುಗಿಸಿದವನು ಒಳಗೆ ತನ್ನ ಹೆಸರಿನ ಮೊದಲ ಅಕ್ಷರ ಬರೀಬೇಕು. ಆಂಟಿ ಪ್ರತಿ ಪುಟದಲ್ಲೂ ಅವನ ಅಕ್ಷರವನ್ನ ಬೆರಳಿಟ್ಟು ಎಣಿಸಿದರು. ಬೆಲ್ಲಿನ ವಿಷಯ ಹೇಳಿದೆ. 'ಹಾಲಿಗೆ ಹೋಗೋ ನೆಪದಲ್ಲಿ ಅಷ್ಟು ಬೇಗ ಯಾಕೆ ಓಡ್ತಿದ್ದ ಅಂತ ಈಗ ಗೊತ್ತಾಯ್ತು' ಅಂದರು, ಅತ್ತರು, ಸ್ವಲ್ಪ ನಕ್ಕರು ಕೂಡ. ತಲೆನೋವಿನ ವಿಷಯ ನಾನೇ ಹೇಳಿದೆ. ಅವರು ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದಿದ್ದರು, ಬಿಡಲಿಲ್ಲ.

ಕೊನೇ ಪುಟದ ಆಟ ಅರ್ಧಕ್ಕೆ ನಿಂತಿದೆ, ಗೆರೆ ಎಳೆಯೋ ಸರದಿ ನಂದು. ಆ ಪುಟ ಇಟ್ಟುಕೊಳ್ತೀರಾ ಅಂತ ಕೇಳಿದೆ. 'ಪುಸ್ತಕ ನಿನ್ನ ಹತ್ರಾನೇ ಇರಲಿ, ಬರುವಾಗ ತಗೊಂಡು ಬಾ' ಅಂದರು. ಮುಂದಿನ ಭಾನುವಾರ ಹೋಗ್ತಿದೀನಿ. ಎಂಟನೇ ಕ್ಲಾಸಿನ ನೋಟ್‌ಬುಕ್‌ಗಳೂ ಅಟ್ಟದ ಮೇಲೆ ಎಲ್ಲೋ ಇರಬೇಕು, ಅವನ್ನ ಹುಡುಕಬೇಕು.